ಮೂಗಿಗೆ ಹೊಡೆಯುವ ಔಷಧ

ಇಸ್ತ್ರಿ ಅಂಗಡಿ ಎಂದರೆ ಬೇರೆಲ್ಲೂ ಅಲ್ಲ, ಮುದುಕಿಯ ಮನೆಯ ಮುಂದಿನ ಕೋಣೆಯೇ. ಉದ್ದನೆಯ ಮೇಜು, ಅದರ ಮೇಲೆ ಮಡಚಿ ಹಾಸಿದ ಕಂಬಳಿ, ಒಂದು ಕೈಗೆ ಇಸ್ತ್ರಿಪೆಟ್ಟಿಗೆ, ಇನ್ನೊಂದು ಕೈಗೆ ನೀರು ಹೊಡೆಯುವ ಬಾಟಲಿ. ಬಾಟಲಿ ಎತ್ತಿದಳೆಂದರೆ ಮೊದಲ ಒತ್ತು ಗಾಳಿಗೆ, ಎರಡನೆಯದು ಬಟ್ಟೆಗೆ. ಮೂತಿಯಲ್ಲಿ ನಿಂತ ನೀರು ದಪ್ಪ ಹನಿಯಾಗಿ ಬಿದ್ದು ಗಿರಾಕಿಯ ರೇಷ್ಮೆಗೆ ಕಲೆ ಮಾಡೀತೆಂದು ಗಂಡ ಬದುಕಿದ್ದಾಗ ಬೈದು ಬೈದು ಕಲಿಸಿದ ಪಾಠ ಅದು. ಗಂಡ ಹೋದ, ಬೈಗುಳ ಹೋಯಿತು, ಪಾಠ ಮಾತ್ರ ಕೈಯಲ್ಲಿ ಉಳಿಯಿತು.

ಮೇಜಿನ ಕೆಳಗೆ ಮೊಮ್ಮಗಳ ಸಂಸಾರ. ಅವಳಿಗೆ ಮೆಣಸು ಎಂದು ಅಡ್ಡಹೆಸರಿಟ್ಟವಳು ಅಜ್ಜಿಯೇ; ಕಾಳು ಸಣ್ಣದು, ಖಾರ ಜಾಸ್ತಿ. ಶಾಲೆಯಿಂದ ಬಂದವಳೇ ಕಿತ್ತುಹೋದ ಗುಂಡಿಗಳನ್ನು ಸಾಲಾಗಿ ಕೂರಿಸಿ, ಟೀಚರಿನ ಗತ್ತಿನಲ್ಲಿ ಅವಕ್ಕೆ ಬೈಯುತ್ತಿದ್ದಳು. ಅಂಥ ಮಗುವಿಗೆ ಸೆಳವಿನ ಕಾಟ. ಆಡುತ್ತಾಡುತ್ತಲೇ ಕಣ್ಣು ಮೇಲಕ್ಕೆ ಸಿಕ್ಕಿಕೊಂಡು, ಮೈ ಸೆಟೆದು, ಕೈಕಾಲು ಅದುರತೊಡಗುತ್ತಿದ್ದವು. ಹೆಚ್ಚಿನ ಸಲ ತಾನಾಗಿ ನಿಲ್ಲುತ್ತಿತ್ತು. ಒಮ್ಮೆ ನಿಲ್ಲದೇ ಹೋದಾಗ, ಕೈಯಲ್ಲಿಟ್ಟುಕೊಂಡಿರಿ ಎಂದು ಡಾಕ್ಟರು ಮೂಗಿಗೆ ಹೊಡೆಯುವ ಔಷಧ ಬರೆದುಕೊಟ್ಟರು. ಒಂದು ಶಾಲೆಗೆ, ಒಂದು ಮನೆಗೆ.

ಮಗ ಲಾರಿ ಹತ್ತಿದರೆ ಊರೂರು ಅಲೆತ. ಸೊಸೆಗೆ ಬೇಕರಿಯಲ್ಲಿ ಕೆಲಸ. ಮಧ್ಯಾಹ್ನದ ಮೇಲೆ ಮಗುವನ್ನು ಮಹಡಿ ಮನೆಯಾಕೆಯ ಹತ್ತಿರ ಬಿಡಬೇಕೆಂದು ಸೊಸೆಯ ಇರಾದೆ. ಆಕೆ ಹಿಂದೆ ಆಸ್ಪತ್ರೆಯಲ್ಲಿ ಆಯಾ ಆಗಿದ್ದವಳು. ಮುದುಕಿ ಮುಖ ಗಂಟು ಹಾಕಿದಳು.

"ಅಜ್ಜಿ ಗುಂಡುಕಲ್ಲಿನ ಹಾಗೆ ಇರೋವಾಗ ಮಗು ಕಂಡೋರ ಮನೇಲಿ ಯಾಕಮ್ಮ ಕೂರ್ಬೇಕು?"

"ಹಾಗಾದ್ರೆ ಸರಿಯಾಗಿ ಕಲೀರಿ ಅತ್ತೆ. ಮಗ್ಗುಲಿಗೆ ಮಲಗಿಸ್ಬೇಕು. ಬಾಯಿಗೆ ಏನೂ ತುರುಕಬಾರ್ದು. ಗಡಿಯಾರ ನೋಡ್ಬೇಕು. ಐದು ನಿಮಿಷಕ್ಕೂ ನಿಲ್ಲಲಿಲ್ಲ ಅಂದ್ರೆ ಇದನ್ನ ಮೂಗಿನ ಹೊಳ್ಳೆಗಿಟ್ಟು ಒತ್ತೋದು."

"ಎಲ್ಲಿ, ಒತ್ತಿ ತೋರ್ಸು."

"ಒತ್ತಿದ್ರೆ ಮುಗೀತು. ಇದ್ರಲ್ಲಿರೋದು ಒಂದೇ ಪೆಟ್ಟು."

"ನೀರು ಹೊಡ್ದು ಹೊಡ್ದು ಸವೆದಿರೋ ಬೆರಳಿದು. ನಂಗೆ ಒತ್ತೋದು ಕಲಿಸ್ತೀಯಾ?"

"ನಿಮ್ಮ ಆ ಬಡಾಯಿ ಕಂಡ್ರೇನೇ ನಂಗೆ ಭಯ," ಎಂದು ಸೊಸೆ ನಕ್ಕಳು. ನಕ್ಕರೂ ಮಾತು ಗಟ್ಟಿಯಾಗಿತ್ತು: "ಒಂದು ಸಲ ಎಡವಟ್ಟಾದ್ರೂ ಮೆಣಸು ಮಹಡಿಗೆ ಹೋಗ್ತಾಳೆ. ಆಮೇಲೆ ಮುನಿಸ್ಕೋಬಾರ್ದು."

ಮುದುಕಿ ಒಪ್ಪಿದಳು.

ಹೀಗೇ ಒಂದು ಮಧ್ಯಾಹ್ನ ಅಜ್ಜಿ ಅಂಗಿಯ ಕಾಲರು ತೀಡುತ್ತಿದ್ದಾಗ ಮೇಜಿನ ಕೆಳಗಿನ ಬೈಗುಳ ಅರ್ಧಕ್ಕೇ ನಿಂತಿತು. ಬಗ್ಗಿ ನೋಡಿದರೆ ಗುಂಡಿಗಳೆಲ್ಲ ಚೆಲ್ಲಾಪಿಲ್ಲಿ, ಮಗುವಿನ ಮೈ ಬಿಲ್ಲಿನಂತೆ ಸೆಟೆದಿದೆ. ಮುದುಕಿ ಗಾಬರಿ ಬೀಳಲಿಲ್ಲ. ಈಚೆಗೆ ಎಳೆದು ಮಗ್ಗುಲಿಗೆ ಮಲಗಿಸಿದಳು, ತಲೆಗೆ ಮೆತ್ತನೆ ಬಟ್ಟೆ ಕೊಟ್ಟಳು, ಗಡಿಯಾರ ನೋಡಿದಳು. ಸದ್ದು ಕೇಳಿ ಇಳಿದುಬಂದ ಮಹಡಿಯಾಕೆ ಫೋನು ಹಿಡಿದು ಆಂಬುಲೆನ್ಸಿಗೂ ಬೇಕರಿಗೂ ಹೇಳಿ, ಗಾಡಿಗೆ ದಾರಿ ತೋರಿಸಲು ಬೀದಿಗೆ ಓಡಿದಳು. ಮುಳ್ಳು ಐದು ನಿಮಿಷ ದಾಟಿತು. ಅದುರು ನಿಲ್ಲಲಿಲ್ಲ.

ಮುದುಕಿ ಔಷಧವನ್ನು ಕೈಗೆ ತೆಗೆದುಕೊಂಡಳು. ಹೆಬ್ಬೆರಳು ಕೆಳಗೆ, ಎರಡು ಬೆರಳು ಮೂತಿಯ ಆಚೀಚೆ. ಎಲ್ಲ ಹೇಳಿಕೊಟ್ಟ ಹಾಗೇ. ಆಮೇಲೆ ಕೈ ತನ್ನಷ್ಟಕ್ಕೆ ಮೇಲೆದ್ದು, ಮೊದಲ ಒತ್ತನ್ನು ಗಾಳಿಗೆ ಹೊಡೆಯಿತು.

ಸಣ್ಣ ಮಂಜಿನಂಥದ್ದು ಬೆಳಕಿನಲ್ಲಿ ಒಂದು ಗಳಿಗೆ ತೇಲಿ ಮಾಯವಾಯಿತು. ಮೂಗಿಗಿಟ್ಟು ಎಷ್ಟು ಒತ್ತಿದರೂ ಬೆರಳು ಖಾಲಿ ಗೂಡಿನೊಳಗೆ ಹೋಗಿಬಂತೇ ಹೊರತು ಹನಿ ಬರಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬ ಮಾತನ್ನು ಅವಳು ಎಷ್ಟೋ ಸಲ ಆಡಿದ್ದಳು, ಬೇರೆಯವರನ್ನು ಕುರಿತು. ಮಗುವಿನ ತುಟಿ ನೀಲಿಯಾಗತೊಡಗಿತ್ತು.

ಆಂಬುಲೆನ್ಸಿನ ನರ್ಸೂ, ಮೈಗೆಲ್ಲ ಹಿಟ್ಟು ಮೆತ್ತಿಕೊಂಡಿದ್ದ ಸೊಸೆಯೂ ಒಟ್ಟಿಗೇ ಬಾಗಿಲು ಹೊಕ್ಕರು. ನರ್ಸು ಮಗುವಿನ ಬಾಯಿಗೆ ಆಮ್ಲಜನಕದ ಮುಖವಾಡ ಹಾಕುತ್ತಲೇ ಕೇಳಿದಳು: "ಮನೇಲಿ ಔಷಧ ಏನಾದ್ರೂ ಕೊಟ್ರಾ?"

ನೆಲದ ಮೇಲಿದ್ದ ಖಾಲಿ ಔಷಧ ಸೊಸೆಯ ಕಣ್ಣಿಗೆ ಬಿತ್ತು. "ಕೊಟ್ಟಿದಾರೆ. ನಮ್ಮತ್ತೆ ಕೊಟ್ಟಿದಾರೆ," ಎಂದಳು. ಆ ದನಿಯಲ್ಲಿ ಹೆಮ್ಮೆಯಿತ್ತು. ಮದುವೆಯಾಗಿ ಬಂದಾಗಿನಿಂದ ಅತ್ತೆ ಆ ಹೆಮ್ಮೆಗಾಗಿ ಕಾದಿದ್ದಳು, ಬಂದದ್ದು ಈಗ.

"ಹಾಗಿದ್ರೆ ಇನ್ನೊಂದನ್ನ ಈಗಲೇ ಕೊಡೋಕಾಗಲ್ಲ. ಉಸಿರು ಕಟ್ಟಬಹುದು. ಸ್ವಲ್ಪ ಕಾಯೋಣ," ಎಂದಳು ನರ್ಸು.

ಸುಮ್ಮನಿದ್ದರೆ ಸಾಕಾಗಿತ್ತು. ಔಷಧ ಹಿಡಿಯಲಿಲ್ಲ ಅಂದುಕೊಳ್ಳುತ್ತಿದ್ದರು, ಡಾಕ್ಟರನ್ನೋ ಹಣೆಬರಹವನ್ನೋ ಬೈಯುತ್ತಿದ್ದರು. ಮುದುಕಿಗೆ ಅದು ಹೊಳೆಯಲಿಲ್ಲವೆಂದಲ್ಲ, ಚೆನ್ನಾಗಿಯೇ ಹೊಳೆಯಿತು.

"ಕೊಟ್ಟಿಲ್ಲಮ್ಮ. ಗಾಳಿಗೆ ಹೊಡ್ದುಬಿಟ್ಟೆ. ಒಂದು ಹನೀನೂ ಒಳಗೆ ಹೋಗಿಲ್ಲ."

"ಖಂಡಿತಾನಾ?"

"ನನ್ನ ಕೈಯಲ್ಲೇ ಆಗಿದ್ದು. ನೀನು ಕೊಡು."

ನರ್ಸು ತಡಮಾಡಲಿಲ್ಲ. ತನ್ನ ಪೆಟ್ಟಿಗೆಯಿಂದ ತೆಗೆದು ಕೊಟ್ಟಳು. ಸ್ವಲ್ಪ ಹೊತ್ತಿಗೆ ಅದುರು ಇಳಿಯಿತು, ಬೆರಳುಗಳು ಬಿಚ್ಚಿಕೊಂಡವು, ತುಟಿಗೆ ಬಣ್ಣ ಬಂತು. ಮಗುವನ್ನು ಗಾಡಿಗೆ ಹತ್ತಿಸುವಾಗ ಸೊಸೆ ಅತ್ತೆಯ ಕಡೆ ತಿರುಗಿಯೂ ನೋಡಲಿಲ್ಲ.

ಆಸ್ಪತ್ರೆಯಿಂದ ಬಂದ ಮೇಲೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಬೈಗುಳವನ್ನಾದರೆ ತಿಂದು ನೀರು ಕುಡಿಯಬಹುದು. ಹೊಸ ಔಷಧ ತಂದು, ಅತ್ತೆಯ ಮುಂದೆಯೇ ಮೆಟ್ಟಿಲು ಹತ್ತಿ, ಮಹಡಿಯಾಕೆಯ ಕೈಗೆ ಕೊಟ್ಟು ಬಂದಳು. ಮಗ ಫೋನಿನಲ್ಲಿ, "ಅವಳು ಹೇಳ್ದಂಗೆ ಕೇಳಮ್ಮ," ಎಂದಷ್ಟೇ ಹೇಳಿ ಇಟ್ಟ.

ಮರುದಿನ ಮಧ್ಯಾಹ್ನ ಬೇಕರಿಗೆ ಹೊರಟ ಸೊಸೆ ಮಗುವಿನ ಚೀಲ ಕಟ್ಟುವಾಗ ಮುದುಕಿ ಕೇಳಿದಳು: "ಆವತ್ತು ನಾನು ಬಾಯಿ ಮುಚ್ಕೊಂಡಿದ್ರೆ ನಿಂಗೆ ಗೊತ್ತಾಗ್ತಿತ್ತಾ?"

"ಇಲ್ಲ ಅತ್ತೆ."

"ಮೆಣಸು ಇಲ್ಲೇ ಇರ್ತಿದ್ಲು."

"ನೀವು ಹೇಳಿದ್ದಕ್ಕೇ ಅವಳಿಗೆ ಬೇಗ ಔಷಧ ಸಿಕ್ತು. ಅದು ನಂಗೂ ಗೊತ್ತು," ಎಂದ ಸೊಸೆ ಚೀಲದ ಜಿಪ್ಪು ಎಳೆದಳು. "ಗೊತ್ತಿದ್ರೂ ಬಿಟ್ಟು ಹೋಗೋಕೆ ಧೈರ್ಯ ಬರಲ್ಲ. ನಾನೇನು ಮಾಡ್ಲಿ?"

"ನಿಜ ಹೇಳಿದ್ದಕ್ಕೆ ಒಳ್ಳೆ ಕೂಲಿ ಕೊಟ್ಟೆ ತಾಯಿ."

ಸೊಸೆ ಚೀಲವನ್ನು ಹೆಗಲಿಗೇರಿಸಿದಳು. ಅವಳು ಅನ್ಯಾಯ ಮಾಡುತ್ತಿದ್ದಾಳೆ ಎಂದು ಹೇಳಲು ಮುದುಕಿಗೆ ಬಾಯಿ ಬರಲಿಲ್ಲ; ಆ ಜಾಗದಲ್ಲಿ ತಾನಿದ್ದರೂ ಅದನ್ನೇ ಮಾಡುತ್ತಿದ್ದಳು. ಅದೇ ಅವಳನ್ನು ಒಳಗೊಳಗೇ ಕೊರೆಯಿತು.

ಅಮ್ಮನ ಕೈ ಹಿಡಿದು ಅರ್ಧ ಮೆಟ್ಟಿಲು ಹತ್ತಿದ ಮೆಣಸು ಅಲ್ಲೇ ನಿಂತು ಬಗ್ಗಿ ಕರೆದಳು. "ಅಜ್ಜೀ, ನೀನೂ ಬಾ."

"ನಂಗೆ ಕೈತುಂಬ ಕೆಲಸ ಇದೆ ಕಣೇ. ಹೋಗು," ಎಂದಳು ಮುದುಕಿ.

ಮೇಜಿನ ಮೇಲೆ ಒಂದು ಕರವಸ್ತ್ರವೂ ಇರಲಿಲ್ಲ. ಬೆಳಗಿನಿಂದ ಬಂದ ಗಿರಾಕಿಗಳನ್ನೆಲ್ಲ ಅವಳೇ ವಾಪಸು ಕಳಿಸಿದ್ದಳು.