ಒತಿಲಿಯಾಳ ಬಲಗೆನ್ನೆ

ಬಂದರೂರು ಪುಂತಾ ಅರೇನಾಸಿನ ಚಳಿಗಾಳಿ ಕೆನ್ನೆಗೆ ಸೋಕಿದರೆ ಸಾಕು, ಒತಿಲಿಯಾ ಬೀದಿಯಲ್ಲೇ ಗೋಡೆ ಹಿಡಿದು ನಿಂತುಬಿಡುತ್ತಿದ್ದಳು. ಬಲಗೆನ್ನೆಯೊಳಗೆ ಮಿಂಚು ಹೊಡೆದಂತಾಗಿ, ಕ್ಷಣದಲ್ಲಿ ಮಾಯ. ಮುಖ ತೊಳೆದರೂ ಅದೇ, ರೊಟ್ಟಿ ಅಗಿದರೂ ಅದೇ. ಗಂಡ ಎಲಿಯೇಸರ್ ಮುತ್ತಿಡಲು ಬಂದರಂತೂ ಚೀರಿ ಹಿಂದೆ ಸರಿಯುತ್ತಿದ್ದಳು.

ಎಲಿಯೇಸರನಿಗೆ ಅದು ಅವಮಾನವಾಗಿ ಕಂಡಿತು. ಬಂದರಿನ ಹೆಂಡದಂಗಡಿಯಲ್ಲಿ ಇಸ್ಪೀಟಿನ ಗೆಳೆಯರೆದುರು, "ನನ್ನವಳಿಗೆ ನಾನು ಹತ್ರ ಹೋದಾಗ ಮಾತ್ರ ನೋವು ಬರತ್ತೆ ಕಣ್ರೋ. ಒಳ್ಳೇ ನಾಟಕದವಳು," ಎಂದು ನಗಿಸಿದ. ಮಾತು ಅವಳು ಕೆಲಸ ಮಾಡುವ ಏಡಿ ಮಾಂಸದ ಕಾರ್ಖಾನೆಗೂ ಬಂತು. ಅಲ್ಲಿನ ಹೆಂಗಸರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಕೊನೆಗೆ ಅವನೇ ಅವಳನ್ನು ಹಲ್ಲಿನ ವೈದ್ಯನ ಬಳಿ ಎಳೆದೊಯ್ದು, "ಆ ಕಡೆಯದೆಲ್ಲ ಕಿತ್ಹಾಕಿ. ಆಮೇಲೆ ಯಾವ ನೆಪ ಹೇಳ್ತಾಳೋ ನೋಡೋಣ," ಎಂದ. ಗಟ್ಟಿ ಹಲ್ಲುಗಳು ಹೋದವು. ನೋವು ಹೋಗಲಿಲ್ಲ.

ಆಸ್ಪತ್ರೆಗೆ ನರರೋಗದ ಹೊಸ ವೈದ್ಯೆ ಬಂದಿದ್ದಾಳೆಂದು ಕೇಳಿ ಒತಿಲಿಯಾ ಒಬ್ಬಳೇ ಹೋದಳು. ವೈದ್ಯೆ ಮೊದಲು ಪ್ರಶ್ನೆ ಕೇಳಿದಳು.

"ನೋವು ಗಂಟೆಗಟ್ಟಲೆ ಇರತ್ತಾ?"

"ಇಲ್ಲ, ಕಣ್ಣು ಮಿಟುಕಿಸೋದ್ರಲ್ಲಿ ಹೋಗತ್ತೆ. ಮತ್ತೆ ಬರತ್ತೆ."

"ನಿದ್ದೆಯಿಂದ ಎಬ್ಬಿಸತ್ತಾ?"

"ಇಲ್ಲ, ಅದೊಂದು ಪುಣ್ಯ."

ವೈದ್ಯೆ ಹಿಡಿದ ಹತ್ತಿಯ ಎಳೆಯೊಂದು ತುಟಿಯಂಚಿಗೆ ತಾಗುತ್ತಲೇ ಒತಿಲಿಯಾ ಕುರ್ಚಿಯಲ್ಲಿ ಮುದುಡಿದಳು.

"ಹಲ್ಲಿಂದಲ್ಲಮ್ಮ ಇದು. ಮುಖದ ನರದ್ದು. ತಲೆಯೊಳಗೆ ರಕ್ತನಾಳ ಅದಕ್ಕೆ ಒತ್ತುತ್ತಾ ಇರಬಹುದು, ಸ್ಕ್ಯಾನ್ ಮಾಡಿ ನೋಡೋಣ."

ಸ್ಕ್ಯಾನಿನಲ್ಲಿ ಹಾಗೇ ಕಂಡಿತು. ಮಾತ್ರೆ ಶುರುವಾಯಿತು, ಮೊದಮೊದಲು ತಲೆ ಸುತ್ತಿತು, ಆಮೇಲೆ ಮಿಂಚು ನಿಂತಿತು. ಒತಿಲಿಯಾಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. "ಇದನ್ನೇ ನನ್ನ ಗಂಡನ ಮುಂದೆ ಒಂದ್ಸಲ ಹೇಳ್ತೀರಾ?" ಎಂದು ವೈದ್ಯೆಯನ್ನು ಕೇಳಿದಳು.

ವೈದ್ಯೆ ಹೇಳಿದಳು. ಎಲಿಯೇಸರ್ ತಲೆ ತಗ್ಗಿಸಿ ಕೇಳಿದ. ಹೊರಗೆ ಬಂದವನೇ, "ತಪ್ಪಾಯ್ತು ಕಣೇ," ಎಂದ.

"ನಂಗೆ ಹೇಳ್ಬೇಡ. ಎಲ್ಲಿ ನಗಿಸಿದ್ಯೋ ಅಲ್ಲಿ ಹೇಳು."

ಶನಿವಾರ ಮಧ್ಯಾಹ್ನ ಅವನ ಬೆನ್ನಿಗೇ ಹೆಂಡದಂಗಡಿಗೆ ಹೋದಳು. ಗೆಳೆಯರೆದುರು ಅವನೇನೋ ಗೊಣಗಿದ.

"ಕೇಳಿಸ್ಲಿಲ್ಲ," ಎಂದಳು.

ಹೆಂಡತಿ ಸುಳ್ಳಾಡಿರಲಿಲ್ಲ, ಗಟ್ಟಿ ಹಲ್ಲು ಕೀಳಿಸಿದ್ದು ತಾನೇ ಎಂದು ಅವನು ಬಿಡಿಸಿ ಹೇಳಿದ.

"ಕೀಳುವಾಗ ನಾನೇನಂದೆ, ಅದನ್ನೂ ಹೇಳು."

"ಬೇಡ ಅಂದೆ ನೀನು. ನನ್ನ ಕೈ ಹಿಡ್ಕೊಂಡು ಬೇಡ ಅಂದೆ."

ಯಾರೂ ಇಸ್ಪೀಟಿನ ಎಲೆ ಎತ್ತಲಿಲ್ಲ.

"ನಿನ್ನ ಬಟ್ಟೆಬರೆ ನಿಮ್ಮಕ್ಕನ ಮನೇಲಿದೆ," ಎಂದಳು ಒತಿಲಿಯಾ. "ಮನೆ ನಮ್ಮಮ್ಮನದು, ಬೀಗ ಬದಲಾಯ್ಸಿದೀನಿ."

ಅವನು ಎದ್ದು ಬಂದು ಅವಳ ಬಲಗೆನ್ನೆ ಮುಟ್ಟಿದ. "ಈಗ ನೋವಿಲ್ವಲ್ಲೇ."

"ಇಲ್ಲ," ಎಂದು ಅವಳು ಅವನ ಕೈ ಕೆಳಗಿಳಿಸಿದಳು. "ಈಗ ಏನೂ ಇಲ್ಲ."

ಅವನು ಟೋಪಿ ಎತ್ತಿಕೊಂಡು ಹೊರಗೆ ಹೋದ. ಅವನ ಮೇಲೆ ಕನಿಕರ ಹುಟ್ಟಬಹುದೆಂದು ಅವಳು ಸ್ವಲ್ಪ ಕಾದಳು. ಹುಟ್ಟಲಿಲ್ಲ. ಅವನ ಕುರ್ಚಿಯಲ್ಲೇ ಕೂತು ಒಂದು ಲೋಟ ವೈನ್ ತರಿಸಿಕೊಂಡು, ಗಂಡಸರೆಲ್ಲ ನೋಡುತ್ತಿರುವಂತೆಯೇ ನಿಧಾನವಾಗಿ ಕುಡಿದಳು.