ಗೆದ್ದವನ ಪಕ್ಕದ ಸೀಟು

ಚುನಾವಣೆಯಲ್ಲಿ ಸೋತ ಮೇಲೆ ನಾಲ್ಕು ದಿನ ಕದ ಮುಚ್ಚಿಕೊಂಡು ಮನೆಯಲ್ಲಿ ಬಿದ್ದಿರುವ ಸುಖ ಬೇರೆ ಊರಿನವರಿಗುಂಟು, ನಮ್ಮ ಜಾರ್ಜ್‌ಟೌನಿನವರಿಗಿಲ್ಲ. ಮಂಗಳವಾರ ಮತದಾನ, ಗುರುವಾರ ಮೆರವಣಿಗೆ. ಗೆದ್ದವರೂ ಸೋತವರೂ ಒಂದೇ ಕುದುರೆ ಸಾರೋಟಿನಲ್ಲಿ ಮೊಣಕೈಗೆ ಮೊಣಕೈ ತಾಗಿಸಿ ಕೂತು, ಊರೆಲ್ಲ ನೋಡುತ್ತಿರುವಂತೆ ಕೋರ್ಟಿನ ಮುಂದಿನ ಸರ್ಕಲ್ಲಿಗೆ ಬರಬೇಕು. ಅಲ್ಲಿ ಎರಡೂ ಪಕ್ಷದ ಮುಖಂಡರು ಒಂದೇ ಕೊಡಲಿಗೆ ಕೈ ಹಚ್ಚಿ ಅದನ್ನು ಮರಳಿನ ಪೆಟ್ಟಿಗೆಯಲ್ಲಿ ಹೂಳುತ್ತಾರೆ. ಜಗಳ ಅಲ್ಲಿಗೆ ಮುಗಿಯಿತು ಅಂತ ಲೆಕ್ಕ. ಮುಗಿಯುವುದಿಲ್ಲ, ಅದು ಕುದುರೆಗೂ ಗೊತ್ತು. ಆದರೆ ಒಂದು ಮಧ್ಯಾಹ್ನದ ಮಟ್ಟಿಗೆ ಮುಗಿದ ಹಾಗೆ ನಡೆದುಕೊಳ್ಳುವುದನ್ನು ನಾವು ಮುತ್ತಜ್ಜಂದಿರ ಕಾಲದಿಂದ ರೂಢಿ ಮಾಡಿಕೊಂಡಿದ್ದೇವೆ.

ಆ ಗುರುವಾರ ಲವಿನಿಯಾ ಟ್ರೂಯಿಟ್ ಕನ್ನಡಿಯ ಮುಂದೆ ನಿಂತು ನೀಲಿ ಕೋಟಿನ ಗುಂಡಿ ಹಾಕಿದಳು, ಬಿಚ್ಚಿದಳು, ಮತ್ತೆ ಹಾಕಿದಳು. ವಯಸ್ಸು ಐವತ್ತೆಂಟು. ಹಾರ್ಲನ್ ಡ್ಯೂಕ್ಸ್‌ನ ಹೋಟೆಲಿನ ಅಡುಗೆಮನೆಯಲ್ಲಿ ಹತ್ತೊಂಬತ್ತು ವರ್ಷ ದುಡಿದವಳು. ಬೇಸಿಗೆಯಲ್ಲಿ ಆ ಕೆಲಸ ಬಿಟ್ಟು ಡೆಮಾಕ್ರಟಿಕ್ ಪಕ್ಷದಿಂದ ರಾಜ್ಯದ ವಿಧಾನಸಭೆಗೆ ನಿಂತಳು. ಎದುರಿಗೆ ರಿಪಬ್ಲಿಕನ್ ಪಕ್ಷದಿಂದ ನಿಂತವನು ಅದೇ ಹಾರ್ಲನ್. ಇವಳದು ಒಂದೇ ಮಾತು: ದುಡಿಯುವವರಿಗೆ ಗಂಟೆಗೆ ಹದಿನೈದು ಡಾಲರ್ ಕೊಡಲೇಬೇಕು, ಕಾನೂನಾಗಲಿ. ಅವನದೂ ಒಂದೇ ಮಾತು. ಚರ್ಚಿನ ಸಭೆಯಿರಲಿ, ಅಗ್ನಿಶಾಮಕ ಠಾಣೆಯ ಊರೂಟವಿರಲಿ, ಅದನ್ನೇ ಹೇಳುತ್ತಿದ್ದ.

"ನನ್ನ ಅಡುಗೆಮನೇಲಿ ಲವಿನಿಯಾನೂ ಸೇರಿ ನಾಲ್ಕು ಜನ ಇದ್ರು, ಗಂಟೆಗೆ ಹನ್ನೊಂದು ಡಾಲರಿನ ಹಾಗೆ. ಹದಿನೈದು ಕೊಡು ಅಂದ್ರೆ ಮೂರು ಜನಕ್ಕಷ್ಟೇ ಆಗೋದು. ಒಬ್ರನ್ನ ಮನೆಗೆ ಕಳಿಸ್ಬೇಕು. ಯಾರನ್ನ ಅಂತ ಲವಿನಿಯಾನೇ ಬಂದು ಹೇಳ್ಲಿ, ಕಳಿಸ್ತೀನಿ."

ಲವಿನಿಯಾ ಇದಕ್ಕೆ "ಬಡವರನ್ನು ಹೆದರಿಸುವ ಆಟ" ಎಂದು ಉತ್ತರ ಕೊಡುತ್ತಿದ್ದಳು. ಚಪ್ಪಾಳೆ ಬೀಳುತ್ತಿತ್ತು. ಚಪ್ಪಾಳೆ ಬಿದ್ದ ಮೇಲೆ ಉತ್ತರ ಸರಿಯಿತ್ತೋ ಇಲ್ಲವೋ ಎಂದು ಯಾರು ನೋಡುತ್ತಾರೆ? ಕೊನೆಗೆ ಇನ್ನೂರ ಹನ್ನೊಂದು ಮತದಿಂದ ಸೋತಳು. ಇದ್ದ ಉಳಿತಾಯವೆಲ್ಲ ಕರಪತ್ರಕ್ಕೂ ಪೆಟ್ರೋಲಿಗೂ ಹೋಗಿತ್ತು. ಚಳಿಗಾಲ ಬಾಗಿಲಿಗೆ ಬಂದಿತ್ತು, ಮನೆ ಬೆಚ್ಚಗಿಡುವ ಎಣ್ಣೆಯ ಟ್ಯಾಂಕು ತಳ ಕಂಡಿತ್ತು. ಅವಳಿಗೆ ಈಗ ಬೇಕಾಗಿದ್ದುದು ಕೆಲಸ, ಅದೂ ಬೇಗ.

ಸಾರೋಟು ಹತ್ತುವಾಗ ಹಾರ್ಲನ್ನೇ ಕೈ ಕೊಟ್ಟ.

"ಬಂದ್ಯಾ? ಬರಲ್ವೇನೋ ಅಂದ್ಕೊಂಡಿದ್ದೆ."

"ಬರ್ದೇ ಇದ್ರೆ ನಮ್ಮಮ್ಮ ಗೋರಿಯಿಂದ ಎದ್ದು ಬಂದು ಬಯ್ತಿದ್ಲು. ಸ್ವಲ್ಪ ಸರ್ಕೋ. ಗೆದ್ದೆ ಅಂತ ಪೂರ್ತಿ ಸೀಟು ನಿಂದೇನಾ?"

"ಅರ್ಧಕ್ಕಿಂತ ಇನ್ನೂರ ಹನ್ನೊಂದರಷ್ಟು ಜಾಸ್ತಿ ನಂದು," ಎನ್ನುತ್ತ ಅವನು ಸರಿದು ಕೂತ.

ಇಬ್ಬರೂ ಒಂದೇ ಶಾಲೆಯಲ್ಲಿ ಓದಿದವರು, ಅವನು ಒಂದು ತರಗತಿ ಮುಂದೆ. ನಾಲ್ಕು ತಿಂಗಳಿಂದ ಎದುರಾಳಿಗಳಾಗಿ ಬಯ್ದಾಡಿದ್ದರು ನಿಜ, ಆದರೆ ಹತ್ತೊಂಬತ್ತು ವರ್ಷ ಒಂದೇ ಒಲೆಯ ಸೆಕೆ ತಿಂದವರಿಗೆ ಪಕ್ಕದಲ್ಲಿ ಕೂತು ಬಿಗುಮಾನ ತೋರಿಸುವುದು ಬಹಳ ಹೊತ್ತು ಸಾಧ್ಯವಾಗುವುದಿಲ್ಲ. ಬ್ಯಾಂಡು ಶುರುವಾಯಿತು. ಕುದುರೆಗಳು ಹೊರಟವು. ರಸ್ತೆಯ ಎರಡೂ ಕಡೆ ಮಡಿಸುವ ಕುರ್ಚಿ ಹಾಕಿಕೊಂಡು ಕೂತಿದ್ದ ಜನ ಎದ್ದು ಕೂಗಿದರು. ಗೆದ್ದೆತ್ತಿನ ಬಾಲ ಹಿಡಿಯುವವರು ಎಲ್ಲ ಊರಲ್ಲೂ ಇರುತ್ತಾರಲ್ಲ, ಅವರ ಕೂಗು ಹಾರ್ಲನ್ನಿಗೆ, ಉಳಿದವರದು ಇಬ್ಬರಿಗೂ. ಲವಿನಿಯಾ ನಗುತ್ತ ಕೈ ಬೀಸಿದಳು. ಪ್ರತಿ ಮುಖ ನೋಡಿದಾಗಲೂ, ಇವರು ನನಗೆ ಮತ ಹಾಕಿದರೋ ಇಲ್ಲವೋ ಎಂಬ ಪ್ರಶ್ನೆ ಚುಚ್ಚುತ್ತಿತ್ತು.

"ಹೋಟೆಲ್ ಹೇಗೆ ನಡೀತಿದೆ?" ಎಂದು ಕೇಳಿದಳು. ಅವಳ ಜಾಗಕ್ಕೆ ಅವನು ಬೇರೆ ಯಾರನ್ನೂ ತಂದಿರಲಿಲ್ಲ. ತಾನೇ ಏಪ್ರನ್ ಕಟ್ಟಿಕೊಂಡು, ಅವಳಿಗೆ ಹೆಸರು ತಂದಿದ್ದ, ಹಿಟ್ಟಿನ ತುಂಡುಗಳನ್ನು ಕೋಳಿ ಸಾರಿನಲ್ಲಿ ಬೇಯಿಸುವ ಡಂಪ್ಲಿಂಗ್ ಮಾಡುತ್ತಿದ್ದ.

"ಹೋದ ಭಾನುವಾರ ಪಾದ್ರಿ ನನ್ನ ಡಂಪ್ಲಿಂಗ್ ಬಾಯಿಗಿಟ್ಟು ಕಣ್ಣು ಮುಚ್ಚಿದ್ರು. ಪ್ರಾರ್ಥನೆ ಅಂದ್ಕೊಂಡೆ. ಹಲ್ಲು ನೋವಂತೆ."

ಲವಿನಿಯಾಗೆ ನಗು ತಡೆಯಲಾಗಲಿಲ್ಲ. ಅವಳು ನಗುತ್ತಿರುವಾಗಲೇ ಹಾರ್ಲನ್, ಜನರತ್ತ ಕೈ ಬೀಸುವುದನ್ನು ನಿಲ್ಲಿಸದೆ, ದನಿ ತಗ್ಗಿಸಿ ಹೇಳಿದ.

"ಸೋಮವಾರದಿಂದ ವಾಪಸ್ ಬಂದ್ಬಿಡು. ಹದಿನೈದು ಕೊಡ್ತೀನಿ."

"ಏನಂದೆ?"

"ಗಂಟೆಗೆ ಹದಿನೈದು. ನಿಂಗೆ ಮಾತ್ರ. ಉಳಿದವ್ರ ಕಿವಿಗೆ ಬೀಳೋದು ಬೇಡ. ಹೇಗೋ ಹೊಂದಿಸ್ತೀನಿ."

ಲವಿನಿಯಾಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಮೊದಲು ಬಂದದ್ದು ಸಮಾಧಾನ. ಮೈಯೆಲ್ಲ ಸಡಿಲವಾಗುವಂಥ ಸಮಾಧಾನ. ಆಮೇಲೆ ನಾಚಿಕೆಯಾಯಿತು. ಊರೂರು ತಿರುಗಿ ಎಲ್ಲರಿಗೂ ಸಿಗಲಿ ಎಂದು ಗಂಟಲು ಹರಿದುಕೊಂಡದ್ದನ್ನು ಇವನು ಅವಳೊಬ್ಬಳ ಜೇಬಿಗೆ ಗುಟ್ಟಾಗಿ ಹಾಕುತ್ತಿದ್ದ. ಅಣಕಿಸಲು ಹೇಳಿದ್ದಲ್ಲ, ಅದೂ ಅವಳಿಗೆ ಗೊತ್ತಿತ್ತು. ಅವಳ ಗಂಡ ಆಸ್ಪತ್ರೆಯಲ್ಲಿ ಸಾಯುತ್ತ ಮಲಗಿದ್ದಾಗ ಕೆಲಸಕ್ಕೆ ಬಾರದ ದಿನಗಳ ಸಂಬಳವನ್ನೂ ಮನೆಗೆ ತಂದು ಕೊಟ್ಟವನು ಇವನೇ, ಯಾರಿಗೂ ಹೇಳಬೇಡ ಎಂದು ಬೇಡಿಕೊಂಡವನೂ ಇವನೇ. ಒಬ್ಬರಿಗೆ ಕೊಡು ಎಂದರೆ ಅಂಗಿ ಬಿಚ್ಚಿ ಕೊಡುತ್ತಾನೆ, ಎಲ್ಲರಿಗೂ ಕೊಡು ಎಂದರೆ ಪಕ್ಷದ ಭಾಷಣ ಶುರುಮಾಡುತ್ತಾನೆ. ಮನುಷ್ಯರು ಹೀಗೂ ಇರುತ್ತಾರೆ.

"ಯೋಚ್ನೆ ಮಾಡ್ತೀನಿ," ಎಂದಳು.

"ಇದ್ರಲ್ಲಿ ಯೋಚ್ನೆ ಮಾಡೋದೇನಿದೆ ಮಾರಾಯ್ತಿ?"

ಸರ್ಕಲ್ಲಿನಲ್ಲಿ ಇಳಿದರು. ಕೋರ್ಟಿನ ಉಪ್ಪರಿಗೆಯಿಂದ ಉದ್ದ ಟೋಪಿಯವನೊಬ್ಬ ಫಲಿತಾಂಶಗಳನ್ನು ಕೂಗಿ ಹೇಳಿದ. ಗಾಯದ ಮೇಲೆ ಬರೆ ಎಳೆದ ಹಾಗೆ ಲವಿನಿಯಾ ತನ್ನ ಸೋಲನ್ನು ಇಡೀ ಊರಿನ ಜೊತೆ ಇನ್ನೊಮ್ಮೆ ಕೇಳಿಸಿಕೊಂಡಳು. ಮುಖಂಡರು ಕೊಡಲಿ ಹೂತರು, ಕೈ ಕುಲುಕಿದರು, ಫೋಟೋಕ್ಕೆ ನಿಂತರು. ಅಷ್ಟರಲ್ಲಿ ಜನರೆಲ್ಲ ಕೋರ್ಟಿನ ಹಿಂಭಾಗಕ್ಕೆ ನುಗ್ಗಿದರು. ಇಡೀ ಹೋರಿಯನ್ನು ಕೆಂಡದ ಮೇಲೆ ಸುಟ್ಟು, ಆ ಮಾಂಸವನ್ನು ಬ್ರೆಡ್ಡಿನ ನಡುವೆ ಇಟ್ಟು ಎಲ್ಲರಿಗೂ ಪುಕ್ಕಟೆ ಹಂಚುವುದು ಅಲ್ಲೇ.

ಆ ಸಾಲಿನಲ್ಲಿ ಕೊರೀನ್ ಸಿಕ್ಕಳು. ಹಾರ್ಲನ್ನನ ಅಡುಗೆಮನೆಯ ಮೂವರಲ್ಲಿ ಚಿಕ್ಕವಳು, ಎರಡು ಮಕ್ಕಳ ತಾಯಿ. ಇನ್ನಿಬ್ಬರು ಸ್ವಲ್ಪ ಮುಂದೆ ನಿಂತಿದ್ದರು. ಕೊರೀನ್ ಅವಳನ್ನು ನೋಡಿ ನಗಲು ಹೋದಳು, ಅರ್ಧಕ್ಕೇ ನಿಲ್ಲಿಸಿದಳು.

"ಮಿಸ್ ಲವಿನಿಯಾ, ಒಂದ್ ಮಾತು ಹೇಳ್ಬೇಕು. ಬಯ್ಬೇಡಿ."

"ಹೇಳು ಮಗಾ."

"ನಾನು ನಿಮಗೆ ವೋಟ್ ಹಾಕ್ಲಿಲ್ಲ."

ಕೊರೀನಳ ಮನೆಯ ಮುಂದಿನ ಹುಲ್ಲಿನಲ್ಲಿ ಲವಿನಿಯಾ ಹೆಸರಿನ ಪ್ರಚಾರದ ಬೋರ್ಡು ಬೇಸಿಗೆಯಿಂದಲೂ ನಿಂತಿತ್ತು. ಪ್ರತಿದಿನ ಆ ದಾರಿಯಲ್ಲಿ ಹೋಗುವಾಗ ಅದನ್ನು ನೋಡಿ ಧೈರ್ಯ ತಂದುಕೊಂಡದ್ದುಂಟು.

"ಬೋರ್ಡ್ ಹಾಕಿದ್ಯಲ್ಲೇ?"

"ಹಾಕಿದ್ದೆ. ತೆಗೆಯೋಕೆ ನಾಚ್ಕೆ ಆಯ್ತು." ಕೊರೀನಳ ಕಣ್ಣಲ್ಲಿ ನೀರಾಡಿತು. "ಒಬ್ರನ್ನ ಕಳಿಸ್ತೀನಿ ಅಂದ್ರಲ್ಲ ಅವ್ರು, ಯಾರನ್ನ ಕಳಿಸ್ತಿದ್ರು ಹೇಳಿ? ನಿಮ್ಮನ್ನ ಕಳಿಸಲ್ಲ, ನೀವು ಗೆದ್ದು ಹೋಗಿರ್ತೀರಿ. ಆಗ ನಿಮ್ಮ ಜಾಗಕ್ಕೆ ಚೆನ್ನಾಗಿ ಅಡುಗೆ ಬರೋರು ಒಬ್ರು ಬರ್ತಾರೆ, ಇರೋ ಮೂವರಲ್ಲಿ ಕೊನೇಲಿ ಸೇರಿದವಳು ಅಂತ ನಾನು ಮನೆಗೆ. ಹದಿನೈದು ಚೆನ್ನಾಗೇ ಇದೆ ಮಿಸ್ ಲವಿನಿಯಾ, ಆದ್ರೆ ಹನ್ನೊಂದೂ ಇಲ್ದಂಗೆ ಆದ್ರೆ ಮಕ್ಕಳಿಗೆ ಏನ್ ಹಾಕ್ಲಿ? ನೀವು ಒಂದ್ಸಲ ಬಂದು ಕೇಳಿದ್ರೆ ಹೇಳ್ತಿದ್ದೆ."

ಕೇಳಿರಲಿಲ್ಲ. ಸಾವಿರ ಮನೆಯ ಬಾಗಿಲು ತಟ್ಟಿದವಳು, ಪಕ್ಕದಲ್ಲೇ ನಿಂತು ಈರುಳ್ಳಿ ಹೆಚ್ಚುತ್ತಿದ್ದವಳನ್ನು ಕೇಳಿರಲಿಲ್ಲ. ಅವಳ ಮತ ತನ್ನ ಕೈಯಲ್ಲೇ ಇದೆ ಎಂದುಕೊಂಡಿದ್ದಳು. ಆ ಹೊತ್ತಿನಲ್ಲಿ ಲವಿನಿಯಾಗೆ ಚುನಾವಣೆಯ ಸೋಲಿಗಿಂತ ಇದು ಹೆಚ್ಚು ನೋವು ಕೊಟ್ಟಿತು. ಕೊರೀನಳ ಭುಜ ತಟ್ಟಿ, "ಬಯ್ಯಲ್ಲ ಕಣೇ. ತಪ್ಪು ನಿಂದಲ್ಲ," ಎಂದು ಹೇಳಿ ಸಾಲಿನಿಂದ ಹೊರಬಂದಳು.

ಹಾರ್ಲನ್ ಅಭಿಮಾನಿಗಳ ನಡುವೆ ನಿಂತು ಬೆನ್ನು ತಟ್ಟಿಸಿಕೊಳ್ಳುತ್ತಿದ್ದ. ಲವಿನಿಯಾ ಅವನ ತೋಳು ಹಿಡಿದು ಮರದ ಕೆಳಗೆ ಎಳೆದುಕೊಂಡು ಬಂದಳು.

"ನಾನು ಬರಲ್ಲ, ಹಾರ್ಲನ್."

"ಹದಿನಾರು ಕೊಡ್ಲಾ?"

"ನಂಗೆ ಕೊಡೋ ಹದಿನೈದನ್ನ ಬಿಡಿಸಿ ಹಂಚು. ಆ ಮೂವರಿಗೂ ಹನ್ನೊಂದರ ಮೇಲೆ ನಾಲ್ಕು ನಾಲ್ಕು ಹಾಕು. ಮೂವರಿಗೂ ಹದಿನೈದಾಯ್ತು, ನಿಂಗೇ ಮೂರು ಉಳೀತು. ನಾಲ್ಕು ತಿಂಗಳು ನೀನೇ ತಾನೇ ಬಾಯಿ ಬಡ್ಕೊಂಡೆ, ಮೂರು ಜನಕ್ಕಾದ್ರೆ ಆಗುತ್ತೆ ಅಂತ? ಒಬ್ರನ್ನ ಮನೆಗೆ ಕಳಿಸ್ಬೇಕು ಅಂತ? ಯಾರು ಅಂತ ಹೇಳು ಅಂದ್ಯಲ್ಲ, ಹೇಳ್ತಿದೀನಿ. ನಾನು."

ತನ್ನದೇ ಭಾಷಣ ತನ್ನ ಕೊರಳಿಗೇ ಸುತ್ತಿಕೊಂಡದ್ದು ಹಾರ್ಲನ್ನಿಗೆ ತಿಳಿಯಿತು.

"ನಿನ್ನ ಗತಿ ಏನೇ?"

"ಕೋಳಿ ಫ್ಯಾಕ್ಟರಿಯಲ್ಲಿ ಜನ ಬೇಕಂತೆ."

"ಆ ಥಂಡೀಲಿ ದಿನವಿಡೀ ನಿಂತು ಕೋಳಿ ಕುಯ್ಯೋಕಾ? ಈ ವಯಸ್ಸಲ್ಲಿ? ನಿನ್ನ ಮಣಿಕಟ್ಟು ಕೆಟ್ಟು ತಾನೇ ಹಿಂದೆ ಅಲ್ಲಿಂದ ಬಿಟ್ಟು ನನ್ನ ಹೋಟೆಲಿಗೆ ಬಂದಿದ್ದು?"

"ನನ್ನ ಮಣಿಕಟ್ಟಿಗೆ ವೋಟಿಲ್ಲ, ಬಿಡು."

"ತಮಾಷೆ ಮಾಡ್ಬೇಡ ಲವಿನಿಯಾ. ಮೂವರಿಗೂ ಕೊಟ್ರೆ, ಕಾನೂನಿಲ್ದೆ ನಾನೇ ಕೊಟ್ಟೆ ಅಂತಾಗುತ್ತೆ. ಮುಂದಿನ ಸಲ ಭಾಷಣದಲ್ಲಿ ಹೇಳ್ತೀನಿ ನೋಡು."

"ಹೇಳು. ನಾನು ಮುಂದಿನ ಸಾಲಲ್ಲಿ ಕೂತು ಬಯ್ತೀನಿ. ಡಂಪ್ಲಿಂಗ್ ಹಿಟ್ಟು ತಣ್ಣೀರಲ್ಲಿ ಕಲಸ್ಬೇಡ, ಬಿಸಿ ಸಾರಲ್ಲಿ ಕಲಸು. ಅದಕ್ಕೂ ಒಳ್ಳೇದು ಅಂದ್ರೆ ಕೊರೀನ್ ಕೈಲಿ ಮಾಡ್ಸು. ಅವಳಿಗೆ ಕಲಿಸಿದೀನಿ."

ಅವನು ಟೋಪಿ ತೆಗೆದು, ತಲೆ ಕೆರೆದುಕೊಂಡು, ಕೆಟ್ಟ ಮಾತೊಂದನ್ನು ಹಲ್ಲಿನೊಳಗೇ ಆಡಿ, ಆ ಮೂವರು ನಿಂತಿದ್ದ ಸಾಲಿನತ್ತ ನಡೆದ. ಲವಿನಿಯಾ ಮರಕ್ಕೆ ಒರಗಿ ನಿಂತಳು. ಹೆದರಿಕೆಯಾಗುತ್ತಿತ್ತು. ಮಾಡಿದ್ದು ಸರಿ ಎಂದು ಗೊತ್ತಿದ್ದರೂ, ಹಾರ್ಲನ್ ಮಾತನಾಡಿ ಮುಗಿಸುವುದರೊಳಗೆ ಹೋಗಿ ಬೇಡ, ನಾನು ಬರುತ್ತೇನೆ ಎಂದು ಹೇಳಿಬಿಡಲೇ ಎಂದು ಮನಸ್ಸು ಹೊಯ್ದಾಡಿತು. ಆದರೆ ಅಲ್ಲಿಂದ ಕದಲಲಿಲ್ಲ. ದೂರದಲ್ಲಿ ಮೂವರು ಹೆಂಗಸರು ಒಬ್ಬರನ್ನೊಬ್ಬರು ತಬ್ಬಿಕೊಂಡರು.

ಕೊರೀನ್ ಓಡಿಯೇ ಬಂದಳು. ಕೈಯಲ್ಲಿ ಎರಡು ಸ್ಯಾಂಡ್‌ವಿಚ್, ಒಂದು ಲವಿನಿಯಾಗೆಂದು ತಂದದ್ದು. ಹಾರ್ಲನ್ ಅವಳ ಹಿಂದೆ ಏದುಸಿರು ಬಿಡುತ್ತ ಬರುತ್ತಿದ್ದ.

"ಮಿಸ್ ಲವಿನಿಯಾ! ಹದಿನೈದಂತೆ! ನಮ್ಮ ಮೂವರಿಗೂ, ಸೋಮವಾರದಿಂದಾನೇ! ಯಾರನ್ನೂ ಕಳಿಸಲ್ವಂತೆ! ನೋಡಿದ್ರಾ, ಕಾನೂನೂ ಇಲ್ಲ ಏನೂ ಇಲ್ಲ, ಅವ್ರಾಗೇ ಕೊಟ್ರು. ಅವ್ರಿಗೆ ವೋಟ್ ಹಾಕಿ ತಪ್ಪು ಮಾಡಿದ್ನೇನೋ ಅಂತ ನಿದ್ದೇನೇ ಬಂದಿರ್ಲಿಲ್ಲ. ಸದ್ಯ, ಒಳ್ಳೇದೇ ಮಾಡ್ದೆ."

ಹಾರ್ಲನ್ನನ ಮುಖ ಕೆಂಪಾಯಿತು. "ಕೊರೀನ್, ಅದು ಹಾಗಲ್ಲ..." ಎಂದು ಶುರುಮಾಡಿದ. ಲವಿನಿಯಾ ಅವನನ್ನು ದುರುಗುಟ್ಟಿ ನೋಡಿದಳು. ಅವನು ಅಲ್ಲಿಗೇ ನಿಂತ.

"ಒಳ್ಳೇದೇ ಮಾಡ್ದೆ ಕಣೇ," ಎಂದಳು ಲವಿನಿಯಾ, ಸ್ಯಾಂಡ್‌ವಿಚ್ ಕೈಗೆ ತೆಗೆದುಕೊಳ್ಳುತ್ತ.

ಕೊರೀನ್ ಅವಳ ಹತ್ತಿರಕ್ಕೆ ಬಂದು, ಹಾರ್ಲನ್ನನಿಗೆ ಕೇಳಿಸದ ಹಾಗೆ ಪಿಸುಗುಟ್ಟಿದಳು.

"ನೀವೂ ಒಂದ್ ಮಾತು ಕೇಳಿ ನೋಡಿ ಮಿಸ್ ಲವಿನಿಯಾ. ಸೋತ್ರೇನಂತೆ, ಬಿಗುಮಾನ ಯಾಕೆ? ಕೇಳಿದ್ರೆ ನಿಮಗೂ ಕೊಡ್ತಾರೆ."