ಅಂಚಿನ ರಕ್ತನಾಳಗಳು

ರೋಗಿಗಳ ದೇಹದ ತುಣುಕು ಪರೀಕ್ಷಿಸುವ ನಮ್ಮ ಲ್ಯಾಬಿನಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿದೆ: ನಮ್ಮವರ ದೇಹದ ತುಣುಕನ್ನು ನಾವು ಕತ್ತರಿಸುವಂತಿಲ್ಲ. ಕೈ ನಡುಗುತ್ತದೆಯಂತೆ. ನನ್ನ ಕೈ ಇದುವರೆಗೆ ಯಾರ ಮುಂದೆಯೂ ನಡುಗಿಲ್ಲ, ಬೇಕಾದರೆ ನನ್ನ ಗಂಡನನ್ನು ಕೇಳಿ. ಆದರೂ ತಂಗಿಯ ಹೊಟ್ಟೆಯಿಂದ ತೆಗೆದ ತುಣುಕು ಮೇಣದ ಅಚ್ಚಿನಲ್ಲಿ ಕೂತು ಬಂದ ದಿನ, ಅದನ್ನು ಗೊಣಗಪ್ಪನ ಮೇಜಿನ ಮೇಲಿಟ್ಟು ದೂರ ನಿಲ್ಲಬೇಕಾಯಿತು.

ಗೊಣಗಪ್ಪ ನನ್ನ ಸಹೋದ್ಯೋಗಿ. ಬ್ಲೇಡು ಮೊಂಡು, ನೀರು ಬಿಸಿ, ಕುರ್ಚಿ ಕುಳ್ಳು ಎಂದು ಅವನ ಬಾಯಿಗೆ ಬಿಡುವೇ ಇರುವುದಿಲ್ಲ.

ತಂಗಿಗೆ ಹದಿಹರೆಯದಿಂದಲೂ ಮುಟ್ಟಿನ ನೋವು. ಗೋಡೆ ಹಿಡಿದು ನಡೆಯುತ್ತಿದ್ದಳು. ಸ್ಕ್ಯಾನಿನಲ್ಲಿ ಏನೂ ಕಾಣಲಿಲ್ಲ. ಅಮ್ಮನದು ಒಂದೇ ಮಾತು: "ನಮಗೆಲ್ಲ ನೋವು ಬರ್ಲಿಲ್ವಾ? ಇವಳದ್ದು ಸ್ವಲ್ಪ ಜಾಸ್ತೀನೇ ಆಯ್ತು." ಕೊನೆಗೆ ಒಬ್ಬ ಸರ್ಜನ್ ಹೊಟ್ಟೆಯೊಳಗೆ ಕ್ಯಾಮೆರಾ ಇಳಿಸಿ, ಅನುಮಾನ ಬಂದ ಜಾಗದಿಂದ ಅಕ್ಕಿಕಾಳಿನಷ್ಟು ತೆಗೆದರು. ಇದರಲ್ಲೂ ಏನೂ ಸಿಗದಿದ್ದರೆ ಮನಸ್ಸಿನ ಡಾಕ್ಟರ ಹತ್ತಿರ ಹೋಗಿ ಎಂದರು. ತಂಗಿ ನನ್ನ ಕೈ ಹಿಡಿದು, "ಅಕ್ಕಾ, ಏನೂ ಇಲ್ಲ ಅಂತ ಬಂದ್ರೆ ನಾನೂ ನನ್ನ ನಂಬಲ್ಲ" ಎಂದಳು.

ಮೊದಲ ಸ್ಲೈಡು ನೋಡಿದ ಡಾಕ್ಟರಮ್ಮ ನನ್ನನ್ನು ಕರೆದರು. ದುಂಡು ಕನ್ನಡಕದ ದೆಸೆಯಿಂದ ಅವರು ನಮ್ಮ ಬಾಯಲ್ಲಿ ಗೂಬೆ ಮೇಡಂ.

"ಬರೀ ಗಾಯದ ಕಲೆ ಥರ ಇದೆ" ಎಂದರು. ತಂಗಿಗೆ ಏನು ಹೇಳಲಿ ಎಂದು ನಾನು ಆಗಲೇ ಮಾತು ಹುಡುಕತೊಡಗಿದೆ. ಅವರು ಮಾತ್ರ ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆಯಲಿಲ್ಲ. "ಆದ್ರೆ ಈ ಅಂಚು ನೋಡು."

ನೋಡಿದೆ. ಸಣ್ಣ ಸಣ್ಣ ಹೊಸ ರಕ್ತನಾಳಗಳು ಅಲ್ಲೊಂದೇ ಕಡೆ ಗಿಜಿಗುಟ್ಟುತ್ತಿದ್ದವು.

"ಗರ್ಭಕೋಶದ ಒಳಪದರದಂಥದ್ದು ಹೊರಗೆಲ್ಲೋ ಬೇರೂರಿದ್ರೆ, ಬದುಕೋಕೆ ಅದಕ್ಕೆ ರಕ್ತ ಬೇಕು. ಅಕ್ಕಪಕ್ಕದ ನಾಳಗಳಿಂದ ಹೊಸ ಕವಲು ಎಳ್ಕೊಳ್ಳುತ್ತೆ. ಬೇರೆ ಕಾರಣಕ್ಕೂ ಹೀಗಾಗ್ಬಹುದು, ಇಷ್ಟನ್ನೇ ನಂಬಿ ಬರೆಯೋಕಾಗಲ್ಲ. ಆದ್ರೆ ಇವೆಲ್ಲ ಯಾರಿಗೋಸ್ಕರ ಬಂದಿವೆ ಅಂತ ನೋಡ್ದೆ ಬಿಡೋಕೂ ಆಗಲ್ಲ. ಇನ್ನೂ ಆಳಕ್ಕೆ ಕತ್ತರಿಸ್ಬೇಕು."

ಆಳಕ್ಕೆ ಹೋದಷ್ಟೂ ತುಣುಕು ಸವೆಯುತ್ತದೆ. ಅದು ಮುಗಿದರೆ ಮತ್ತೆ ತಂಗಿಯ ಹೊಟ್ಟೆಯನ್ನೇ ಕೊಯ್ಯಬೇಕು. ಸಾಮಾನ್ಯವಾಗಿ ನಾವು ನಡುವಿನ ಪದರಗಳನ್ನು ಬಿಸಾಡಿ ಬೇಗ ಒಳಗಿಳಿಯುತ್ತೇವೆ. ಗೊಣಗಪ್ಪ ಒಂದನ್ನೂ ಬಿಸಾಡಲಿಲ್ಲ. ಕತ್ತರಿಸಿದಂತೆ ಸಾಲಾಗಿ ಬರುವ ಮೇಣದ ತೆಳು ರಿಬ್ಬನ್ನನ್ನು ಬೆಚ್ಚಗಿನ ನೀರಿನ ಮೇಲೆ ತೇಲಿಸಿ, ಪ್ರತಿಯೊಂದು ಪದರವನ್ನೂ ಗಾಜಿಗೆ ಏರಿಸಿದ. ಗೊಣಗಲೇ ಇಲ್ಲ. ಅದೇ ನನಗೆ ದಿಗಿಲು.

"ತುಣುಕು ಮುಗೀತಾ ಬಂತು" ಎಂದ ಒಮ್ಮೆ, ತಲೆ ಎತ್ತದೆ. "ನೀನು ಆಚೆ ಹೋಗು. ನಿನ್ನ ಉಸಿರಿಗೇ ರಿಬ್ಬನ್ ಹಾರಿಹೋಗುತ್ತೆ."

ಹೊರಗೆ ಬೆಂಚಿನ ಮೇಲೆ ಕೂತೆ. ಸ್ಲೈಡುಗಳಿಗೆ ಬಣ್ಣ ಹಾಕಿ, ನೋಡಿ ಮುಗಿದ ಮೇಲೆ, ಯಾವತ್ತೂ ಕುರ್ಚಿ ಬಿಟ್ಟೇಳದ ಗೂಬೆ ಮೇಡಂ ತಾವೇ ಎದ್ದು ಬಂದರು.

"ಸಿಕ್ತು. ಆ ನಾಳಗಳ ನಡುವೆಯೇ ಕೂತಿತ್ತು, ಒಳಪದರದ ಚೂರು. ಎಂಡೊಮೆಟ್ರಿಯೋಸಿಸ್."

ಅವರ ಕೈ ಹಿಡಿದುಕೊಂಡು ಅತ್ತುಬಿಟ್ಟೆ. ಒಳಗೆ ಗೊಣಗಪ್ಪ ಬ್ಲೇಡು ಹಾಳಾಯಿತೆಂದು ಶುರುಮಾಡಿದ್ದ. ಅವನ ಋಣ ನಾನು ಈ ಜನ್ಮದಲ್ಲಿ ತೀರಿಸಲಾರೆ. ರೋಗವಿದೆ ಎಂದದ್ದಕ್ಕೆ ಹೀಗೆ ಖುಷಿಪಟ್ಟವಳು ಊರಿನಲ್ಲಿ ನಾನೊಬ್ಬಳೇ ಇರಬೇಕು.

ಮರುದಿನ ತಂಗಿಯೂ ಅಮ್ಮನೂ ಬಂದರು. ಚಿಕಿತ್ಸೆ ಹೇಗೆ, ಏನು ಎಂದು ಮೇಡಂ ಬಿಡಿಸಿ ಹೇಳಿದರು. ನಂತರ ತಂಗಿಗೆ ಸ್ಲೈಡಿನಲ್ಲಿ ಆ ನಾಳಗಳನ್ನು ತೋರಿಸಿದರು. ಅವಳು ನೋಡಿ ಸುಮ್ಮನೆ ನಕ್ಕಳು. ಅಮ್ಮ ತಾನೂ ನೋಡುತ್ತೇನೆಂದು ಬಗ್ಗಿದವಳು ಒಂದೊಂದೇ ನಾಳ ಎಣಿಸತೊಡಗಿದಳು.

"ಇಷ್ಟೊಂದು ನಾಳ" ಎಂದಳು ಕೊನೆಗೆ. "ಇಷ್ಟೆಲ್ಲ ಬೆಳೆಯೋ ತನಕ ನೀನು ಹೇಳ್ತಾನೇ ಇದ್ದೆ."

"ಹೂಂ ಅಮ್ಮ, ಹೇಳ್ತಾನೇ ಇದ್ದೆ" ಎಂದು ತಂಗಿ ಅಮ್ಮನಿಗೆ ಕುರ್ಚಿ ಎಳೆದುಕೊಟ್ಟಳು.